ಲೈಸೆನ್ಸ್ ಮೇಲಿದ್ದ ಓ ಪಾಸಿಟಿವ್: ಆಳಂದ ಕಡೆಯ ಒಂದು ಪ್ರಕರಣ

ಆಕೆ ನನ್ನ ಕಚೇರಿಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಮೂರೇ ಕಾಗದ. ಆಕೆ ಬಸುರಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡ್, ಮಗಳ ಡಿಸ್ಚಾರ್ಜ್ ಚೀಟಿ, ಗಂಡನ ಡ್ರೈವಿಂಗ್ ಲೈಸೆನ್ಸಿನ ಜೆರಾಕ್ಸ್. ಮೂರರಲ್ಲೂ ಒಂದೊಂದು ಕಡೆ ಯಾರೋ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ತಾಯಿ ಓ ಪಾಸಿಟಿವ್. ತಂದೆ ಓ ಪಾಸಿಟಿವ್. ಮಗಳು ಬಿ ಪಾಸಿಟಿವ್.

"ಇಷ್ಟೇ ನೋಡ್ರಿ ಮೇಡಮ್. ಇದರ ಮ್ಯಾಲೆ ನನ್ನ ಮನಿ ಬಿಡಸ್ಯಾರ" ಎಂದಳು.

ನಾನು ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ. ಉಚಿತ ಕಾನೂನು ನೆರವಿನ ಪ್ರಕರಣಗಳನ್ನೂ ನಡೆಸುತ್ತೇನೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರಲಿ ಅಂತ ಬರೆದೆ. ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಗಂಡ ಪುಣೆಯಲ್ಲಿ ಟೆಂಪೊ ಓಡಿಸುತ್ತಾನೆ. ವರ್ಷದಲ್ಲಿ ಏಳೆಂಟು ತಿಂಗಳು ಅಲ್ಲೇ. ಆಕೆ ಊರಲ್ಲಿ ಅತ್ತೆ, ನಾದಿನಿ ಜೊತೆ ಇದ್ದು ಎರಡು ಎಕರೆ ತೊಗರಿ ನೋಡಿಕೊಳ್ಳುತ್ತಿದ್ದಳು. ಮದುವೆಯಾದ ಎರಡನೇ ವರ್ಷಕ್ಕೆ ಮಗಳು. ನಾಲ್ಕು ವರ್ಷ ಯಾವ ತಕರಾರೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಮಗುವಿಗೆ ಡೆಂಗಿ ಬಂತು. ಆಸ್ಪತ್ರೆಗೆ ಸೇರಿಸಿದರು. ರಕ್ತ ಬೇಕಾಗಬಹುದು ಅಂತ ಗುಂಪು ನೋಡಿದರು. ಅಪ್ಪನನ್ನು ಕೇಳಿದಾಗ ಆತ ಜೇಬಿನಿಂದ ಲೈಸೆನ್ಸ್ ತೆಗೆದು ತೋರಿಸಿದ. ಆಗ ಅಲ್ಲಿನ ಸಿಬ್ಬಂದಿಯೊಬ್ಬರು ಹಾಸಿಗೆಯ ಪಕ್ಕದಲ್ಲೇ ನಿಂತು, ನಾಲ್ಕು ಜನ ಸಂಬಂಧಿಕರ ಎದುರು ಹೇಳಿಬಿಟ್ಟರು: "ಇಬ್ಬರದೂ ಓ ಇದ್ರ ಮಗೀಂದು ಬಿ ಹ್ಯಾಂಗ್ ಆಗ್ತದ?"

ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಆ ಒಂದು ಮಾತಿಗೆ ಈ ಹೆಣ್ಣುಮಗಳು ಒಂದೂವರೆ ವರ್ಷ ದಂಡ ತೆತ್ತಳು. ಮಗುವಿಗೆ ರಕ್ತ ಬೇಕಾಗಲೇ ಇಲ್ಲ, ಐದನೇ ದಿನಕ್ಕೆ ಜ್ವರ ಇಳಿಯಿತು. ಅಷ್ಟರಲ್ಲಿ ಮಾತು ಊರು ಮುಟ್ಟಿತ್ತು. ಮಗುವಿನ ಮೂಗು ಅಪ್ಪನ ಹಾಗಿಲ್ಲ, ಬಣ್ಣ ಅಜ್ಜಿಯ ಹಾಗಿಲ್ಲ ಎಂದು ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಕಾಣತೊಡಗಿತು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಹಿರಿಯರು ಕೂತು ಮಾತಾಡಿದರು. ಆಕೆಯನ್ನು ತವರಿಗೆ ಕಳಿಸಿದರು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಆ ಸಿಬ್ಬಂದಿ ಹೇಳಿದ ಲೆಕ್ಕ ತಪ್ಪಲ್ಲ. ರಕ್ತದ ಗುಂಪು ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಸೇರಿ ಆಗುತ್ತದೆ. ಓ ಗುಂಪಿನವರ ಬಳಿ ಕೊಡಲು ಓ ಬಿಟ್ಟು ಬೇರೆ ಇರುವುದಿಲ್ಲ. ಇಬ್ಬರೂ ಓ ಆದರೆ ಮಗುವೂ ಓ ಆಗಬೇಕು. ಈ ಲೆಕ್ಕ ಕೋರ್ಟುಗಳಿಗೂ ಹಳೆಯದು. 1940ರ ದಶಕದಲ್ಲಿ ಚಾರ್ಲಿ ಚಾಪ್ಲಿನ್ ಮೇಲೆ ಅಮೆರಿಕದಲ್ಲಿ ಇಂಥದೇ ಕೇಸ್ ಆಗಿತ್ತು. ಮಗು ಬಿ, ತಾಯಿ ಎ, ಚಾಪ್ಲಿನ್ ಓ. ರಕ್ತದ ಪ್ರಕಾರ ಅವರು ತಂದೆಯಾಗಲು ಸಾಧ್ಯವೇ ಇರಲಿಲ್ಲ. ಆದರೂ ಆಗಿನ ಕ್ಯಾಲಿಫೋರ್ನಿಯಾದ ಕಾನೂನು ರಕ್ತ ಪರೀಕ್ಷೆಯನ್ನು ಕೊನೆಯ ಮಾತು ಎಂದು ಒಪ್ಪುತ್ತಿರಲಿಲ್ಲ. 1945ರಲ್ಲಿ ಜ್ಯೂರಿ ಅವರೇ ತಂದೆ ಎಂದಿತು.

ಲೆಕ್ಕ ಸರಿ ಇದ್ದರೂ ಅದಕ್ಕೆ ಹಾಕಿದ ಅಂಕಿ ಸರಿ ಇದೆಯಾ? ನನ್ನ ಕಣ್ಣು ಹೋಗಿದ್ದು ಅಲ್ಲಿಗೆ. ತಾಯಿ ಕಾರ್ಡಿನ ಗುಂಪು ಬಸುರಿಯಾಗಿದ್ದಾಗ ರಕ್ತ ತೆಗೆದು ನೋಡಿ ಬರೆದದ್ದು. ಮಗಳದು ಆಸ್ಪತ್ರೆಯಲ್ಲಿ ನೋಡಿದ್ದು. ಗಂಡನದು? ಲೈಸೆನ್ಸ್ ಮೇಲಿನದು. "ಅದನ್ನ ಯಾರು ಬರೆದರು?" ಅಂತ ಕೇಳಿದೆ. ಆಕೆಗೆ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಅರ್ಜಿ ತುಂಬಿದ್ದು ಏಜೆಂಟ್. ಆ ಕಾಲಂ ಖಾಲಿ ಬಿಡಬಾರದು ಅಂತ ಓ ಪಾಸಿಟಿವ್ ಬರೆದಿದ್ದ. ರಕ್ತ ಯಾರೂ ತೆಗೆದಿರಲಿಲ್ಲ.

ನಾವು ಜೀವನಾಂಶಕ್ಕೆ ಅರ್ಜಿ ಹಾಕಿದೆವು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 125 ಅಂತಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 144. ಗಂಡನ ಕಡೆಯವರು ತಕರಾರಿನಲ್ಲಿ ಬರೆದರು: ಮಗು ನನ್ನದಲ್ಲ, ಆ ವರ್ಷ ಸಂಕ್ರಾಂತಿಯಿಂದ ಯುಗಾದಿ ದಾಟುವ ತನಕ ನಾನು ಊರಿಗೆ ಬಂದೇ ಇಲ್ಲ.

ಈ ಮಾತಿಗೆ ಕಾನೂನಿನಲ್ಲಿ ಬಹಳ ತೂಕ ಇದೆ. ಗಂಡ ಹೆಂಡತಿ ಮದುವೆಯಲ್ಲಿರುವಾಗ ಹುಟ್ಟಿದ ಮಗು ಆ ಗಂಡನದೇ ಎಂದು ಕಾನೂನು ಹಿಡಿಯುತ್ತದೆ. ಮದುವೆ ಮುರಿದ 280 ದಿನದೊಳಗೆ ಹುಟ್ಟಿ, ತಾಯಿ ಮರುಮದುವೆ ಆಗಿರದಿದ್ದರೂ ಹಾಗೇ. 1872ರ ಸಾಕ್ಷ್ಯ ಕಾಯ್ದೆಯ ಕಲಂ 112ರಲ್ಲಿ ಇದ್ದ ಮಾತು ಇದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 116 ಆಗಿದೆ. ಇದನ್ನು ಮುರಿಯಬೇಕಾದರೆ ಆ ಸಮಯದಲ್ಲಿ ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ಅನುಮಾನ ಸಾಲದು.

ಆಕೆಯ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನ ಮಾರ್ಚ್ ಎರಡನೇ ವಾರ ಎಂದಿತ್ತು. ಹೆರಿಗೆ ಡಿಸೆಂಬರ್ ನಡುವೆ. ಹಾಗಾದರೆ ಗರ್ಭ ನಿಂತದ್ದು ಮಾರ್ಚ್ ಕೊನೆಯ ಹೊತ್ತಿಗೆ. ಆ ವರ್ಷ ಕಲಬುರಗಿಯ ಶರಣಬಸಪ್ಪನ ತೇರು ಎಳೆದದ್ದೂ ಅದೇ ಕೊನೆಯ ವಾರ. ಹೋಳಿ ಹುಣ್ಣಿಮೆ ಆದ ಮೇಲೆ ಈ ಜಾತ್ರೆಗೆ ನಮ್ಮ ಜಿಲ್ಲೆಯವರು ಎಲ್ಲೇ ಇದ್ದರೂ ಬರುತ್ತಾರೆ. "ಅವರೂ ಬಂದಿದ್ರು ಮೇಡಮ್, ಆರು ದಿನ ಇದ್ರು" ಎಂದಳು. ಸಾಕ್ಷಿ? ಎರಡು ದಿನ ಬಿಟ್ಟು ಆಕೆಯ ಫೋನಿಗೆ ಒಂದು ಫೋಟೊ ಬಂತು. ಜಾತ್ರೆಯ ತೊಟ್ಟಿಲ ಮುಂದೆ ಗಂಡ, ಹೆಂಡತಿ, ಅತ್ತೆ ನಿಂತಿದ್ದಾರೆ, ಮೂಲೆಯಲ್ಲಿ ತಾರೀಕು. ಕಳಿಸಿದವಳು ನಾದಿನಿ. ಜೊತೆಗೆ ಒಂದು ಸಾಲೂ ಬರೆದಿರಲಿಲ್ಲ. ಅಣ್ಣನ ಮನೆಯಲ್ಲೇ ಇದ್ದುಕೊಂಡು ಆ ಹುಡುಗಿ ಇಷ್ಟು ಮಾಡಿದಳಲ್ಲ, ಅದು ಸಣ್ಣ ಕೆಲಸ ಅಲ್ಲ.

ಅಲ್ಲಿಗೆ ಕೇಸು ನನ್ನ ಮಟ್ಟಿಗೆ ಗೆದ್ದ ಹಾಗೇ. ಕಾನೂನಿನ ಪ್ರಕಾರ ಮಗು ಆತನದೇ. ಯಾವ ಪರೀಕ್ಷೆಯ ಅಗತ್ಯವೂ ಇಲ್ಲ. ಇದನ್ನು ಖುಷಿಯಿಂದ ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಕೋರ್ಟ್ ರೊಕ್ಕ ಕೊಡಸ್ತದ, ಖರೇ. ಊರ ಬಾಯಿ ಮುಚ್ಚಸ್ತದೇನ್ರಿ? ನನ್ನ ಮಗಳು ದೊಡ್ಡಾಕಿ ಆದ ಮ್ಯಾಲೂ ಇದೇ ಮಾತು ಕೇಳಬೇಕು. ಟೆಸ್ಟ್ ಮಾಡಸ್ರಿ ಮೇಡಮ್. ನಂಗೇನ್ ಅಂಜಿಕಿಲ್ಲ."

ನಾನು ಬೇಡ ಅಂದೆ. ಒಂದಲ್ಲ, ಮೂರು ಸಲ ಬೇಡ ಅಂದೆ. ಯಾಕೆ ಅಂತ ಬರೆಯುತ್ತೇನೆ. ಗೌತಮ್ ಕುಂಡು ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಕೇಳಿದ ಕೂಡಲೇ ರಕ್ತ ಪರೀಕ್ಷೆಗೆ ಆದೇಶ ಕೊಡಬಾರದು ಎಂದು. 2023ರ ಅಪರ್ಣಾ ಫಿರೋಡಿಯಾ ತೀರ್ಪಿನಲ್ಲಿ ಇನ್ನೂ ಮುಂದೆ ಹೋಗಿ, ಗಂಡ ಹೆಂಡತಿಯ ಜಗಳದಲ್ಲಿ ಮಗುವಿನ ಮೇಲೆ ಸುಮ್ನೆ ಡಿಎನ್‌ಎ ಪರೀಕ್ಷೆ ಹೇರಬಾರದು, ಮಗುವಿಗೂ ತನ್ನ ಖಾಸಗಿತನ ಇದೆ ಎಂದಿತು. ಈ ಮಾತುಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ಅನುಮಾನದ ಗಂಡಸು ಬೆರಳು ತೋರಿಸಿದಾಗಲೆಲ್ಲ ಮಗು ಬಾಯಿ ತೆರೆದು ನಿಲ್ಲಬೇಕಾ? ಜೊತೆಗೆ 2014ರ ನಂದಲಾಲ್ ಬಡ್ವಾಯಿಕ್ ತೀರ್ಪೂ ಇದೆ. ಡಿಎನ್‌ಎ ವರದಿ ಬಂದ ಮೇಲೆ ಅದರ ಸತ್ಯ ಕಾನೂನಿನ ಊಹೆಗಿಂತ ಮೇಲು ಎಂದು ಅಲ್ಲಿ ಹೇಳಲಾಗಿದೆ. ಅಂದರೆ ಒಮ್ಮೆ ಆ ಬಾಗಿಲು ತೆರೆದರೆ ಮುಚ್ಚಲು ಆಗುವುದಿಲ್ಲ. ಇದನ್ನು ಆಕೆಗೆ ಬಿಡಿಸಿ ಹೇಳಿದೆ. "ತೆರೀರಿ" ಅಂದಳು ಅಷ್ಟೇ.

ಬೇರೆಯವರು ಹೇರುವ ಪರೀಕ್ಷೆ ಬೇರೆ, ತಾಯಿಯೇ ಕೇಳುವ ಪರೀಕ್ಷೆ ಬೇರೆ. ಇದು ನನಗೆ ಆಕೆಯಿಂದ ಅರ್ಥವಾಯಿತು.

ಮೊದಲು ಸುಲಭದ್ದು ಮಾಡೋಣ ಎಂದು ಮಧ್ಯಸ್ಥಿಕೆಯಲ್ಲಿ ಎರಡೂ ಕಡೆ ಒಪ್ಪಿಸಿ ಮೂವರ ರಕ್ತದ ಗುಂಪು ಮತ್ತೆ ನೋಡಿಸಿದೆವು. ರಕ್ತನಿಧಿಯ ತಂತ್ರಜ್ಞರು ಬಿಳಿ ಟೈಲ್ಸ್ ಮೇಲೆ ಗಂಡನ ರಕ್ತದ ಮೂರು ಹನಿ ಇಟ್ಟರು. ಒಂದಕ್ಕೆ ನೀಲಿ ದ್ರಾವಣ, ಅದು ಎ ಗುಂಪು ನೋಡಲು. ಇನ್ನೊಂದಕ್ಕೆ ಹಳದಿ, ಅದು ಬಿ ನೋಡಲು. ಮೂರನೆಯದು ಬಣ್ಣ ಇಲ್ಲದ್ದು, ಪಾಸಿಟಿವ್ ನೆಗೆಟಿವ್ ತಿಳಿಯಲು. ಕಡ್ಡಿಯಿಂದ ಕಲೆಸಿ ಟೈಲ್ಸನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದರು. ನೀಲಿ ಹಾಕಿದ್ದು ನಯವಾಗಿಯೇ ಇತ್ತು. ಹಳದಿ ಹಾಕಿದ್ದು ನೋಡುತ್ತ ನೋಡುತ್ತ ಒಡೆದ ಹಾಲಿನ ಹಾಗೆ ಕಾಳು ಕಾಳಾಯಿತು. ಗಂಡ ಬಗ್ಗಿ ನೋಡುತ್ತಿದ್ದ. "ಇದ್ಯಾಕ್ರಿ ಹಿಂಗಾತು?" ಎಂದ. "ನಿಮ್ದು ಬಿ ಪಾಸಿಟಿವ್ ರೀ" ಎಂದರು ಅವರು.

ಇಷ್ಟಕ್ಕೇ ಅವರು ಬಿಡಲಿಲ್ಲ. ರಕ್ತದ ನೀರನ್ನು ಬೇರೆ ಮಾಡಿ, ಗೊತ್ತಿರುವ ಎ, ಬಿ ಮತ್ತು ಓ ಕಣಗಳ ಜೊತೆ ಸೇರಿಸಿ ಉಲ್ಟಾ ಕಡೆಯಿಂದಲೂ ನೋಡಿದರು. ಎರಡೂ ಕಡೆಯಿಂದ ಒಂದೇ ಉತ್ತರ ಬಂದರೆ ಮಾತ್ರ ಗುಂಪು ಬರೆದುಕೊಡುತ್ತಾರೆ. ಯಾಕೆ ಹೀಗೆ ಅಂದರೆ ಬಾಂಬೆ ಗುಂಪಿನ ವಿಷಯ ಹೇಳಿದರು. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ಭೇಂಡೆ ಮತ್ತು ಜೊತೆಗಾರರು ಇದನ್ನು ಮೊದಲು ಗುರುತಿಸಿದರು. ಇಂಥವರ ರಕ್ತ ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ. ಆದರೆ ಒಳಗೆ ಎ ಅಥವಾ ಬಿ ಅಂಶ ಅಡಗಿರಬಹುದು, ಅದು ಮಕ್ಕಳಲ್ಲಿ ಹೊರಗೆ ಬರಬಹುದು. ಹಾಗಾಗಿ ನಿಜವಾಗಿ ಪರೀಕ್ಷೆ ಮಾಡಿ ಓ ಬಂದಿದ್ದರೂ, ಅದೊಂದನ್ನೇ ಹಿಡಿದು ಯಾರನ್ನೂ ಮನೆ ಬಿಡಿಸುವಂತಿಲ್ಲ. ತೀರಾ ಅಪರೂಪ, ಆದರೆ ನಮ್ಮ ಕಡೆಯಲ್ಲೇ ಸಿಗುವಂಥದ್ದು.

ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಗಂಡನ ಕಾಕಾ ಒಂದು ಪ್ರಶ್ನೆ ಎತ್ತಿದರು: "ಬಿ ಅಂದ ಮಾತ್ರಕ್ಕ ಇವನದೇ ಅಂತ ಹ್ಯಾಂಗ್ ಹೇಳ್ತೀರಿ? ಊರಾಗ ಬಿ ಇದ್ದವರು ಎಷ್ಟ್ ಮಂದಿ ಇಲ್ಲ?" ಮಾತು ಚುಚ್ಚುವಂಥದ್ದೇ. ಆದರೆ ಸರಿಯಾದ ಮಾತು. ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಬಿ ಗುಂಪಿನವರು. ರಕ್ತದ ಗುಂಪು "ಇವನು ಅಲ್ಲ" ಎನ್ನಬಹುದು. "ಇವನೇ" ಎನ್ನಲು ಅದಕ್ಕೆ ಶಕ್ತಿ ಇಲ್ಲ. ಆಕೆ ನನ್ನ ಕಡೆ ನೋಡಿದಳು. ನಾನು ಡಿಎನ್‌ಎ ಪರೀಕ್ಷೆ ಕೇಳಿ ಕೋರ್ಟಿಗೆ ಮೆಮೊ ಬರೆಯಲು ಕೂತೆ.

ಇದರ ನಡುವೆ ಒಂದು ವಿಷಯ ಗೊತ್ತಾಯಿತು. ಗಂಡನ ಕಡೆಯವರು ಮಗುವಿನ ಜವಳದ ಕೂದಲನ್ನು ಪೊಟ್ಟಣ ಕಟ್ಟಿಕೊಂಡು ಒಂದು ಖಾಸಗಿ ಲ್ಯಾಬಿನಲ್ಲಿ ಗುಟ್ಟಾಗಿ ವಿಚಾರಿಸಿದ್ದರಂತೆ. ಕತ್ತರಿಸಿದ ಕೂದಲಿಗೆ ಬೇರು ಇರುವುದಿಲ್ಲ. ಬೇರಿಲ್ಲದ ಕೂದಲಲ್ಲಿ ಚೆನ್ನಾಗಿ ಸಿಗುವುದು ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ತಂದೆ ಯಾರು ಎಂಬುದಕ್ಕೆ ಅದು ಏನೂ ಹೇಳುವುದಿಲ್ಲ. ಮುಖ್ಯ ಮಾತು ಅಂದರೆ, ಯಾರ ಮುಂದೆಯೂ ಸೀಲ್ ಆಗದ, ಯಾರದು ಎಂದು ಸಾಕ್ಷಿ ಇಲ್ಲದ ಮಾದರಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

ನ್ಯಾಯಾಧೀಶರು ಮೆಮೊ ಓದಿ ಆಕೆಯನ್ನು ಚೇಂಬರಿಗೆ ಕರೆದರು. ಯಾರ ಒತ್ತಾಯವೂ ಇಲ್ಲವಾ ಎಂದು ಆಕೆಯೊಬ್ಬಳನ್ನೇ ಕೇಳಿದರು. ಆಮೇಲೆ ಗಂಡನ ಒಪ್ಪಿಗೆ ಬರೆಸಿಕೊಂಡು ಆದೇಶ ಮಾಡಿದರು.

ಮಾದರಿ ತೆಗೆದ ದಿನ ನಾನೂ ಆಸ್ಪತ್ರೆಯಲ್ಲಿದ್ದೆ. ಮೂವರ ಫೋಟೊ ಅಂಟಿಸಿದ ನಮೂನೆ, ಹೆಬ್ಬೆಟ್ಟು, ಸಹಿ. ಮೂರು ತಿಂಗಳೊಳಗೆ ಬೇರೆಯವರ ರಕ್ತ ಏರಿಸಿಕೊಂಡಿದ್ದೀರಾ ಎಂಬ ಪ್ರಶ್ನೆ. ಏರಿಸಿದ ರಕ್ತ ಫಲಿತಾಂಶವನ್ನು ಕೆಡಿಸಬಹುದು, ಅದಕ್ಕೆ ಕೇಳುತ್ತಾರೆ. ದಪ್ಪ ಕಾಗದದ ಕಾರ್ಡಿನ ಮೇಲೆ ನಾಲ್ಕು ದುಂಡು ಗುರುತು. ಬೆರಳಿಗೆ ಚುಚ್ಚಿ ಒಂದೊಂದು ಗುರುತಿಗೂ ರಕ್ತ ಒತ್ತಬೇಕು. ಮಗು ಸೂಜಿ ನೋಡಿ ಕಿರುಚಿತು, ಕೈ ಎಳೆದುಕೊಂಡಿತು. ನರ್ಸ್ "ಯಾರಾದ್ರೂ ಹಿಡ್ಕೊಳ್ರಿ" ಅಂದರು. ಆಕೆಯ ಬೆರಳಿಗೆ ಆಗಲೇ ಹತ್ತಿ ಒತ್ತಿದ್ದರು, ಆಚೆ ಕೂತಿದ್ದಳು. ಹತ್ತಿರ ನಿಂತಿದ್ದವನು ಗಂಡ. ಒಂದು ಗಳಿಗೆ ನಿಂತ. ಆಮೇಲೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಆ ಪುಟ್ಟ ಮುಂಗೈ ಹಿಡಿದ. ವರ್ಷದ ಮೇಲಾಗಿತ್ತು ಮುಟ್ಟಿ. ಮಗು ಅಳು ನಿಲ್ಲಿಸಲಿಲ್ಲ, ಆದರೆ ಕೈ ಬಿಡಿಸಿಕೊಳ್ಳಲೂ ಇಲ್ಲ. ಕಾರ್ಡು ಒಣಗಿಸಿ, ಲಕೋಟೆಗೆ ಹಾಕಿ, ಅರಗಿನ ಸೀಲ್ ಒತ್ತಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ಏನು ಮಾಡುತ್ತಾರೆ ಅಂತ ಆಕೆ ಬಸ್ ಕಾಯುತ್ತ ಕೇಳಿದಳು. ನಾನು ತೊಗರಿಯನ್ನೇ ಹಿಡಿದು ಹೇಳಿದೆ. ಕಾಳು ಒಡೆದರೆ ಎರಡು ಬೇಳೆ. ಮಗುವಿನ ಪ್ರತಿ ಕಾಳಿನಲ್ಲೂ ಒಂದು ಬೇಳೆ ಅವ್ವನದು, ಒಂದು ಅಪ್ಪನದು. ಡಿಎನ್‌ಎಯಲ್ಲಿ ಕೆಲವು ಜಾಗಗಳಿವೆ, ಅಲ್ಲಿ ನಾಲ್ಕೈದು ಅಕ್ಷರದ ಒಂದು ಗುಂಪು ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ ಆರು ಸಲ, ಇನ್ನೊಬ್ಬರಲ್ಲಿ ಒಂಬತ್ತು ಸಲ. ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಉದಾಹರಣೆಗೆ ಒಂದು ಜಾಗದಲ್ಲಿ ಮಗುವಿಗೆ 6 ಮತ್ತು 9 ಇದೆ, ತಾಯಿಗೆ 6 ಮತ್ತು 7. ಹಾಗಾದರೆ 6 ತಾಯಿಯದು. ಉಳಿದ 9 ತಂದೆಯಿಂದಲೇ ಬರಬೇಕು. ಗಂಡನ ಬಳಿ 9 ಇದೆಯಾ ನೋಡುತ್ತಾರೆ. ತಾಯಿಯ ಮಾದರಿಯೂ ಇದ್ದರೆ ಯಾವ ಬೇಳೆ ಯಾರದು ಅಂತ ಸಲೀಸಾಗಿ ಬಿಡಿಸಬಹುದು. ಹೀಗೆ ಹದಿನೈದು, ಇಪ್ಪತ್ತು, ಅದಕ್ಕೂ ಜಾಸ್ತಿ ಜಾಗ ನೋಡುತ್ತಾರೆ. ಒಂದು ಜಾಗ ಯಾರಿಗಾದರೂ ಹೊಂದಬಹುದು. ಎಲ್ಲ ಜಾಗವೂ ಸುಮ್ನೆ ಹೊಂದುವುದು ಆಗದ ಮಾತು.

ಒಂದೇ ಒಂದು ಜಾಗ ತಪ್ಪಿದರೆ? ಆಗಲೂ ಅವಸರ ಮಾಡುವುದಿಲ್ಲ. ತಂದೆಯಿಂದ ಮಗುವಿಗೆ ದಾಟುವಾಗ ಸಾವಿರಕ್ಕೆ ಒಂದೋ ಎರಡೋ ಸಲ ಎಣಿಕೆ ತಾನಾಗಿ ಒಂದು ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೇ ಹಲವು ಜಾಗಗಳಲ್ಲಿ ಹೊಂದದಿದ್ದರೆ ಮಾತ್ರ "ಅಲ್ಲ" ಎನ್ನುತ್ತಾರೆ. ಇನ್ನೊಂದು ಎಚ್ಚರ ಬೇಕು. ಅನುಮಾನ ಅಣ್ಣ ತಮ್ಮಂದಿರ ನಡುವೆ ಇದ್ದರೆ ಮೊದಲೇ ಲ್ಯಾಬಿಗೆ ತಿಳಿಸಬೇಕು. ಒಡಹುಟ್ಟಿದವರ ಡಿಎನ್‌ಎ ಬಹಳ ಕಡೆ ಒಂದೇ ಇರುತ್ತದೆ. ತಂದೆಯಿಂದ ಗಂಡುಮಗನಿಗೆ ಬರುವ ವೈ ಕ್ರೋಮೋಸೋಮ್ ಅಂತೂ ಅಣ್ಣ, ತಮ್ಮ, ಅಪ್ಪ, ಮುತ್ಯಾ ಎಲ್ಲರಲ್ಲೂ ಸಾಮಾನ್ಯವಾಗಿ ಒಂದೇ. ಅದು ಮನೆತನ ಹೇಳುತ್ತದೆ, ಮನುಷ್ಯನನ್ನು ಹೇಳುವುದಿಲ್ಲ. ಹೆಣ್ಣುಮಗುವಿಗೆ ಅದು ಇರುವುದೂ ಇಲ್ಲ.

ಈ ವಿದ್ಯೆ ನಮಗೆ ದೂರದ್ದಲ್ಲ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ಕಂಡುಹಿಡಿದರು. ಕೆಲವೇ ವರ್ಷದಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಅದನ್ನು ಇಲ್ಲೇ ಮಾಡುವ ದಾರಿ ಕಂಡುಕೊಂಡರು. ಅದು ನಮ್ಮ ದೇಶದ ಕೋರ್ಟಿಗೆ ಮೊದಲು ಬಂದದ್ದು ಕೇರಳದ ತಲಶ್ಶೇರಿಯ ಒಂದು ಮಗುವಿನ ಜೀವನಾಂಶದ ಪ್ರಕರಣದಲ್ಲಿ. 1991ರಲ್ಲಿ ಕೇರಳ ಹೈಕೋರ್ಟ್ ಆ ಸಾಕ್ಷ್ಯವನ್ನು ಎತ್ತಿಹಿಡಿಯಿತು. ಕೊಲೆ ಕೇಸಿಗಿಂತ ಮೊದಲು ಒಂದು ಮಗುವಿನ ಊಟದ ಪ್ರಶ್ನೆಗೆ ಇದು ಬಳಕೆಯಾಯಿತು ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ವರದಿಗೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಆಕೆ ಒಮ್ಮೆಯೂ "ಏನಾಯ್ತು" ಅಂತ ಫೋನ್ ಮಾಡಲಿಲ್ಲ. ನಾನೇ ಚಡಪಡಿಸುತ್ತಿದ್ದೆ. ಎಲ್ಲ ಜಾಗಗಳಲ್ಲೂ ಹೊಂದಿತ್ತು. ಆತ ಜೈವಿಕ ತಂದೆಯಾಗಿರುವ ಸಾಧ್ಯತೆ ಶೇಕಡಾ 99.99ಕ್ಕೂ ಮೇಲೆ ಎಂದಿತ್ತು. ಎದುರು ಕಡೆಯವರು ಈ ಅಂಕಿ ಹಿಡಿದು "ನೂರಕ್ಕೆ ನೂರು ಯಾಕಿಲ್ಲ?" ಎಂದು ಕೇಳುವುದುಂಟು. ಸಂಬಂಧವೇ ಇಲ್ಲದ ಇನ್ನೊಬ್ಬ ಗಂಡಸಿಗೆ ಹೋಲಿಸಿ ಕಟ್ಟಿದ ಲೆಕ್ಕ ಅದು. ಅಂಥ ಲೆಕ್ಕ ನೂರನ್ನು ಮುಟ್ಟುವುದಿಲ್ಲ, ಹತ್ತಿರ ಹೋಗುತ್ತಲೇ ಇರುತ್ತದೆ. ಈ ಸಲ ಯಾರೂ ಕೇಳಲಿಲ್ಲ. ಗಂಡ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕಾಕಾ ಅವತ್ತು ಬಂದಿರಲಿಲ್ಲ.

ಜೀವನಾಂಶದ ಆದೇಶ ಆಯಿತು. ಗಂಡ ಕರೆದುಕೊಂಡು ಹೋಗಲು ಸಿದ್ಧನಿದ್ದ. ಆಕೆ ಒಂದೇ ಮಾತು ಹೇಳಿದಳು: "ಕಟ್ಟಿ ಮ್ಯಾಲೆ ಕೂತು ಅಂದೀರಿ. ಕಟ್ಟಿ ಮ್ಯಾಲೆ ಕೂತೇ ತಪ್ಪಾತು ಅನ್ರಿ. ಆಮ್ಯಾಲೆ ಮನಿ ಮಾತು."

ಕೋರ್ಟ್ ಆದೇಶದಲ್ಲಿ ಇಂಥದ್ದನ್ನು ಬರೆಯಲು ಬರುವುದಿಲ್ಲ. ಆದರೂ ಒಂದು ಸೋಮವಾರ ಸಂಜೆ ಅದು ನಡೆಯಿತು. ನಾನು ಹೋಗಿರಲಿಲ್ಲ, ನಾದಿನಿ ಫೋನ್ ಮಾಡಿ ಹೇಳಿದಳು. ಅಣ್ಣ ನಿಂತು ಮಾತಾಡಿದನಂತೆ. ವರದಿ ಓದಲಿಲ್ಲವಂತೆ, "ಲೈಸೆನ್ಸ್ ತಪ್ಪಿತ್ತು, ನಾ ತಪ್ಪಿದೆ" ಅಂದನಂತೆ. ಅತ್ತೆ ಅತ್ತರಂತೆ. ಆಕೆ ಅಲ್ಲೇ ಇದ್ದಳು, ಮಗು ಗುಡಿಯ ಗಂಟೆ ಹೊಡೆಯುತ್ತ ಆಡುತ್ತಿತ್ತು.

ಆಕೆ ಇನ್ನೂ ತವರಲ್ಲೇ ಇದ್ದಾಳೆ. ಮಗಳ ಶಾಲೆಯ ವರ್ಷ ಮುಗಿಯಲಿ ಎನ್ನುತ್ತಾಳೆ. ಗಂಡ ಪುಣೆ ಬಿಟ್ಟು ಇಲ್ಲೇ ಒಂದು ದಾಲ್ ಮಿಲ್ಲಿಗೆ ಗಾಡಿ ಓಡಿಸುತ್ತಿದ್ದಾನೆ, ಭಾನುವಾರ ಹೋಗಿ ಬರುತ್ತಾನೆ. ಹೋದ ವಾರ ನನ್ನ ಕಚೇರಿಗೆ ಬಂದಿದ್ದ. ಲೈಸೆನ್ಸ್ ನೋಡಿದೆ. ಅದರ ಮೇಲೆ ಈಗಲೂ ಓ ಪಾಸಿಟಿವ್ ಅಂತಲೇ ಇದೆ. ರಕ್ತನಿಧಿಯವರು ಕೊಟ್ಟ ಚೀಟಿ ತೆಗೆದುಕೊಂಡು ಆರ್‌ಟಿಒ ಕಚೇರಿಗೆ ಹೋಗಿ ತಿದ್ದಿಸಿಕೊಂಡು ಬಾ ಅಂದಿದ್ದೇನೆ. ಗುರುವಾರ ಹೋಗುತ್ತೇನೆ ಅಂದ.